ಇಟಲಿಗೆ ಹೋಗುವ ತೊಗಲು

ಅತ್ತರು ಚಿಮುಕಿಸಿದ ಮೇಲೆ ನಾತ ಇನ್ನೂ ಕೆಟ್ಟಿತು. ಅಲ್ಲಿಯವರೆಗೆ ಸುಣ್ಣದ ಗುಂಡಿಗಳಿಂದ ಏಳುತ್ತಿದ್ದದ್ದು ಒಂದೇ ನಾತ. ಕೊಳೆತ ಕೂದಲು, ಕೊಬ್ಬು, ಸುಣ್ಣ ಎಲ್ಲ ಬೆರೆತು ಮೂಗಿನ ಮೂಳೆಗೆ ಹತ್ತುವಂಥದ್ದು. ಆದರೆ ಅಲ್ಲಿ ದುಡಿಯುವವರಿಗೆ ಅಭ್ಯಾಸವಾಗಿಹೋದದ್ದು. ಈಗ ಅದಕ್ಕೆ ಮಲ್ಲಿಗೆ ಅತ್ತರೂ ಸೇರಿ, ಹೆಣ ಎತ್ತದ ಮನೆಯಲ್ಲಿ ಮದುವೆ ಮಾಡಿದ ಹಾಗಾಯಿತು.

"ಇನ್ನೊಂದ್ ಸೀಸೆ ಸುರಿಯೋ ಲಕ್ಷ್ಮಯ್ಯ. ಇಟಲಿಯೋನು ಬರೋ ಹೊತ್ತಾಯ್ತು," ಎಂದು ಗೋಪಾಲಪ್ಪ ದೂರದಿಂದಲೇ ಕೂಗಿದ. ಪಂಚೆಯನ್ನು ಮೊಣಕಾಲಿನ ತನಕ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕರ್ಚೀಫು ಮೂಗಿಗೊತ್ತಿಕೊಂಡಿದ್ದ. ಕಾರ್ಖಾನೆ ಅವನದೇ. ಆದರೂ ಗುಂಡಿಗಳ ಹತ್ತಿರ ಅವನು ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ಸುರಿದಷ್ಟೂ ಕೆಡ್ತೈತೆ ಧಣಿ."

"ಸುರಿ ಅಂದ್ರೆ ಸುರಿ."

ಲಕ್ಷ್ಮಯ್ಯ ಸುರಿದ. ಗುಂಡಿಯೊಳಗೆ ಸೊಂಟದವರೆಗೆ ಇಳಿದು ತೊಗಲು ತಿರುವುತ್ತಿದ್ದ ಪಿಳ್ಳಪ್ಪ ಮುಖದ ಮೇಲೆ ಬಿದ್ದ ಹನಿಗಳನ್ನು ತೋಳಿನಿಂದ ಒರೆಸಿಕೊಂಡು, "ನಮಗೂ ಬಂತು ಕಣಣ್ಣ ಮದ್ವೆ ಭಾಗ್ಯ," ಎಂದು ನಕ್ಕ.

ಅದು ಎಪ್ಪತ್ತೈದರ ಬೇಸಿಗೆ. ಅರಿಶಿನಕುಂಟೆ ದಾಟಿ ಹೆದ್ದಾರಿಯಿಂದ ಎಡಕ್ಕೆ ತಿರುಗಿದರೆ ಸಿಗುತ್ತಿದ್ದ ಈ ಕಾರ್ಖಾನೆಯಲ್ಲಿ ಮೊದಲೆಲ್ಲ ತಂಗಡಿ ಚಕ್ಕೆ, ಅಳಲೆಕಾಯಿ ಹಾಕಿ ತೊಗಲು ಹದ ಮಾಡುತ್ತಿದ್ದರು. ಅರೆ ಹದವಾದ ಕಂದು ತೊಗಲು ಮದ್ರಾಸಿನ ಮೂಲಕ ಹಡಗು ಹತ್ತುತ್ತಿತ್ತು. ಅರೆಬರೆ ತೊಗಲನ್ನೇ ಪರದೇಶಕ್ಕೆ ಕಳಿಸುತ್ತ ಕೂತರೆ ಲಾಭವೆಲ್ಲ ಅವರಿಗೇ, ಇನ್ನು ಮೇಲೆ ಪೂರ್ತಿ ಸಿದ್ಧವಾದದ್ದೇ ಹೋಗಬೇಕು ಎಂದು ಸರ್ಕಾರ ಬಿಗಿ ಮಾಡಿತು. ಸುತ್ತಲಿನ ಸಣ್ಣಪುಟ್ಟ ತೊಗಲು ಮಂಡಿಗಳು ಬಾಗಿಲು ಹಾಕಿದವು. ಗೋಪಾಲಪ್ಪ ಮಾತ್ರ ಮರದ ದೊಡ್ಡ ಪೀಪಾಯಿಗಳನ್ನು ತರಿಸಿ, ಕ್ರೋಮ್ ಎಂಬ ಮದ್ದು ಹಾಕಿ ತಿರುಗಿಸತೊಡಗಿದ. ತಿಂಗಳು ಹಿಡಿಯುತ್ತಿದ್ದ ಹದ ಈಗ ಒಂದೆರಡು ದಿನಕ್ಕೆ ಆಗುತ್ತಿತ್ತು. ಪೀಪಾಯಿಯಿಂದ ಹೊರಬಿಟ್ಟ ಹಸಿರುನೀಲಿ ನೀರು ಕಾಂಪೌಂಡಿನ ಹಿಂದಿನ ಹಳ್ಳದಲ್ಲಿ ನಿಲ್ಲುತ್ತಿತ್ತು. ಹಳ್ಳದ ಕೆಳಗೆ ಕೇರಿ. ಕೇರಿಯ ನಡುವೆ ಬಾವಿ.

ಲಕ್ಷ್ಮಯ್ಯ ಅದೇ ಕೇರಿಯವನು. ಪೀಪಾಯಿಗಳು ಬಂದ ವರ್ಷವೇ ಅವನನ್ನು ಗುಂಡಿಯಿಂದ ಮೇಲಕ್ಕೆತ್ತಿ ಮೇಸ್ತ್ರಿ ಮಾಡಿದ್ದರು. ತಿಂಗಳ ಸಂಬಳ, ಕಾಲಿಗೆ ಚಪ್ಪಲಿ, ಸೊಂಟದಲ್ಲಿ ಗೇಟಿನ ಬೀಗದ ಕೈ. ಇನ್ನೊಂದು ಅನುಕೂಲವೂ ಇತ್ತು. ಬಾವಿಯ ನೀರು ಕೆಟ್ಟ ಮೇಲೆ ಕೇರಿಯ ಹೆಂಗಸರು ಮೈಲಿ ದೂರದ ತೋಟದ ಕಾಲುವೆಗೆ ಹೋಗಿ, ಪಂಪು ಬಿಟ್ಟಾಗ ಹರಿದು ಬಂದಷ್ಟು ತುಂಬಿಕೊಳ್ಳುತ್ತಿದ್ದರು. ಲಕ್ಷ್ಮಯ್ಯನ ಹೆಂಡತಿ ಸೊಣ್ಣಮ್ಮನಿಗೆ ಮಾತ್ರ ಕಾರ್ಖಾನೆಯ ಕೊಳವೆ ಬಾವಿಯ ನೀರನ್ನು ಕಾವಲುಗಾರ ಗೇಟಿನ ಒಳಗಿಂದಲೇ ರಬ್ಬರ್ ಪೈಪಿನಲ್ಲಿ ಬಿಂದಿಗೆಗೆ ಹಿಡಿಯುತ್ತಿದ್ದ. ಅವಳು ತಲೆ ತಗ್ಗಿಸಿಕೊಂಡು ಹೊತ್ತು ತರುತ್ತಿದ್ದಳು.

ಕಾರು ಬಂತು. ಬಂದದ್ದು ನೇರ ಕಾರ್ಖಾನೆಗಲ್ಲ. ಕೇರಿಯ ತಿರುವಿನಲ್ಲೇ ಹೆಂಗಸರು ಅಡ್ಡ ನಿಂತಿದ್ದರು. ಎದುರಿಗೆ ಮುನಿತಾಯಮ್ಮ. ವಯಸ್ಸಾದ ಹೆಂಗಸು, ತೊಗಲಿಗೆ ಅಂಟಿದ ಮಾಂಸ ಹೆರೆದು ಹೆರೆದು ಬೆರಳ ಸಂದುಗಳೆಲ್ಲ ಹುಣ್ಣಾಗಿದ್ದವು. ಗೋಪಾಲಪ್ಪ ಲಕ್ಷ್ಮಯ್ಯನನ್ನು ಹಿಂದೆ ಹಾಕಿಕೊಂಡು ಓಡುತ್ತ ಬರುವಷ್ಟರಲ್ಲಿ ಬೆಂಗಳೂರಿನ ಅಧಿಕಾರಿ ಕಾರಿನಿಂದ ಇಳಿದಾಗಿತ್ತು. ಹೊಸ ಯಂತ್ರಗಳಿಗೆ ಪರವಾನಗಿ ಕೊಡುವ ಮೊದಲು ಜಾಗ ನೋಡಲು ಬಂದವನು ಅವನು. ಜೊತೆಗೆ ಇಟಲಿಯ ವ್ಯಾಪಾರಿ. ಕೆಂಪಗಿನ ಕತ್ತಿನ ಆಳು, ಒದ್ದೆ ಕರ್ಚೀಫಿನೊಳಗೆ ಅರ್ಧ ಮುಖ ಮುಚ್ಚಿಕೊಂಡಿದ್ದ.

"ಬಾವಿ ನೋಡ್ಕೊಂಡೇ ಮುಂದಕ್ಕೋಗಿ ಸ್ವಾಮಿ," ಎಂದಳು ಮುನಿತಾಯಮ್ಮ.

ಬೇರೆ ದಾರಿಯಿರಲಿಲ್ಲ. ಎಲ್ಲರೂ ಬಾವಿಯ ಹತ್ತಿರ ಹೋದರು. ಮುನಿತಾಯಮ್ಮ ಸೇದಿದ ನೀರನ್ನು ಹಿತ್ತಾಳೆ ಬಿಂದಿಗೆಯ ಸಮೇತ ಅಧಿಕಾರಿಯ ಮುಂದೆ ಹಿಡಿದಳು. ನೀರಿನ ಮೇಲೆ ಎಣ್ಣೆಯ ಪೊರೆ ಬಣ್ಣ ಬಣ್ಣವಾಗಿ ಅಲುಗುತ್ತಿತ್ತು. ಪೊರೆಯ ಅಡಿಯಲ್ಲಿ ಪೇಟೆಯ ಸೋಪಿನ ನೀರಿನಂಥ ತಿಳಿಹಸಿರು. ಬಿಂದಿಗೆಯ ಒಳಗಂಚಿಗೆ ಕಲೆ ಕಟ್ಟಿತ್ತು.

"ಎಮ್ಮೆನೂ ಮೂತಿ ಇಡಲ್ಲ ಇದಕ್ಕೆ."

"ಪಾಚಿ ಸಾರ್," ಎಂದ ಗೋಪಾಲಪ್ಪ. "ಬೇಸಿಗೇಲಿ ಎಲ್ಲಾ ಬಾವಿಯಾಗೂ ಪಾಚಿನೇ. ನಮ್ ಲಕ್ಷ್ಮಯ್ಯ ಇಲ್ಲಿಯೋನೇ, ಮೇಸ್ತ್ರಿ. ದಿನಾ ಇದೇ ನೀರು ಕುಡಿಯೋದು. ಅಲ್ವೇನೋ?"

ಲಕ್ಷ್ಮಯ್ಯ ತಲೆಯೆತ್ತಲಿಲ್ಲ. ಹೆಂಗಸರ ಗುಂಪಿನಲ್ಲಿ ಸೊಣ್ಣಮ್ಮನ ಹಸಿರು ಸೀರೆಯ ಅಂಚು ಕಂಡಿತ್ತು. ಅಲ್ಲಿ ನಿಂತ ಒಬ್ಬೊಬ್ಬರಿಗೂ ಗೊತ್ತಿತ್ತು, ಅವನ ಮನೆಗೆ ನೀರು ಎಲ್ಲಿಂದ ಬರುತ್ತದೆಂದು.

"ಹೂಂ ಸಾರ್," ಎಂದ.

"ಹಂಗಾದ್ರೆ ಕುಡ್ದು ತೋರ್ಸಪ್ಪ. ಸಾಹೇಬ್ರಿಗೆ ಸಮಾಧಾನ ಆಗ್ಲಿ," ಎಂದ ಗೋಪಾಲಪ್ಪ.

ಮುನಿತಾಯಮ್ಮ ಒಂದು ಲೋಟಕ್ಕೆ ಬಗ್ಗಿಸಿ ತಾನೇ ಅವನ ಕೈಗೆ ಕೊಟ್ಟಳು. "ತಗಳಪ್ಪ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕುಡಿಯುವುದಿಲ್ಲವೆಂದೇ ಅವಳು ನಂಬಿದ್ದಂತಿತ್ತು.

ಅವನು ಕಣ್ಣು ಮುಚ್ಚಿ ಕುಡಿದ. ತುಕ್ಕು ಹಿಡಿದ ಮೊಳೆಯನ್ನು ಚೀಪಿದ ಹಾಗೆ ನಾಲಿಗೆ ಒಗರಾಗಿ ಮುದುಡಿತು. ಕೊನೆಯ ಗುಟುಕಿನಲ್ಲಿ ಏನೋ ಲೋಳೆಯಂಥದ್ದು ಹಲ್ಲಿಗೆ ತಗುಲಿತು. ಉಗಿಯುವ ಹಾಗಿರಲಿಲ್ಲ. ನುಂಗಿದ.

"ಚೆನ್ನಾಗೈತೆ ಸಾರ್."

ಅಧಿಕಾರಿಯ ಮುಖ ಸಡಿಲಾಯಿತು. "ಗೋಪಾಲಪ್ಪನವರೇ, ನೀವೂ ಒಂದು ಗುಟುಕು ಕುಡಿದುಬಿಡಿ. ಇವರಿಗೂ ಧೈರ್ಯ ಬರುತ್ತೆ."

"ಎಲ್ಲಾದ್ರೂ ಉಂಟೇ ಸಾರ್!" ಗೋಪಾಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಕೇರಿ ಬಾವಿ. ನಾವು ಮುಟ್ಟೋ ಹಂಗಿಲ್ಲ. ನಿಮಗೆ ಗೊತ್ತಿಲ್ಲದ್ದೇ?"

"ಓ, ಹೌದಲ್ಲ. ಸರಿ, ಸರಿ," ಎಂದು ಅಧಿಕಾರಿ ತಾನೇ ತಪ್ಪು ಮಾಡಿದವನಂತೆ ತಲೆಯಾಡಿಸಿದ. ಇಟಲಿಯವನಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅವನೂ ತಲೆಯಾಡಿಸಿದ. ಮುನಿತಾಯಮ್ಮ ಬಿಂದಿಗೆಯನ್ನು ಹಾಗೇ ಹಿಡಿದು ನಿಂತಿದ್ದಳು. ಕಾರು ಅವಳನ್ನು ಬಳಸಿಕೊಂಡು ಹೋಯಿತು.

ಕಾರ್ಖಾನೆಯ ಜಗಲಿಯಲ್ಲಿ ಅತಿಥಿಗಳಿಗೆ ಎಳನೀರು ಕೊಟ್ಟರು. ಸಿದ್ಧವಾದ ತೊಗಲನ್ನು ಮೇಜಿನ ಮೇಲೆ ಹರಡಿದರು. ಮುಖ ಕಾಣುವಷ್ಟು ನಯವಾದ, ಜೇನಿನ ಬಣ್ಣದ ತೊಗಲು. ಇಟಲಿಯವನು ಕರ್ಚೀಫನ್ನು ಮಡಿಸಿ ಜೇಬಿಗಿಟ್ಟು, ತೊಗಲನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದ. ಹೂವು ಮೂಸಿದವನ ಹಾಗೆ ನಕ್ಕ. ಆ ಹೊತ್ತಿಗೆ ಲಕ್ಷ್ಮಯ್ಯ ಹಳೆಯ ತಂಗಡಿ ಚಕ್ಕೆಯ ರಾಶಿಯ ಹಿಂದೆ ಕೂತು ಗಂಟಲಿಗೆ ಬೆರಳು ಹಾಕುತ್ತಿದ್ದ. ಬರೀ ನೊರೆ ಬಂತು.

ಸಂಜೆ ಮನೆಗೆ ಬಂದಾಗ ಒಲೆ ಉರಿಯುತ್ತಿತ್ತು. ಸೊಣ್ಣಮ್ಮ ಬಾವಿಯ ಹತ್ತಿರ ನಡೆದದ್ದರ ಮಾತೆತ್ತಲಿಲ್ಲ. ಕೈ ತೊಳೆದು ಬಂದವನ ಮುಂದೆ ತಟ್ಟೆಯಿಟ್ಟು ಮುದ್ದೆ ಹಾಕಿದಳು, ಹುರುಳಿ ಸಾರು ಬಿಟ್ಟಳು. ಮುದ್ದೆಯ ಬಣ್ಣ ಯಾಕೋ ಮಂಕಾಗಿತ್ತು. ಸಾರಿನ ಹಬೆಯಲ್ಲಿ ಆ ತುಕ್ಕಿನ ವಾಸನೆ. ಮುರಿದ ತುತ್ತು ಅವನ ಕೈಯಲ್ಲೇ ಉಳಿಯಿತು.

"ಯಾವ ನೀರಮ್ಮಿ ಇದು?"

"ಬಾವೀದು. ಚೆನ್ನಾಗೈತೆ ಅಂದ್ಯಲ್ಲ."

"ಗೇಟ್ ತಾವ ಹೋಗ್ಲಿಲ್ವಾ?"

"ಯಾತಕ್ಕೆ ಹೋಗ್ಲಿ? ಊರ್ ಮುಂದೆ ನೀನೇ ಹೇಳಿದ್ ಮೇಲೆ, ನಾನು ಅಲ್ಲೋಗಿ ನಿಂತ್ಕಂಡ್ರೆ ಮುಖಕ್ಕೆ ಉಗೀತಾರೆ. ಉಣ್ಣು."

ಅಷ್ಟರಲ್ಲಿ ಎಂಟು ವರ್ಷದ ಮಗಳು ಭಾಗ್ಯ ಎಂದಿನಂತೆ ಅಪ್ಪನ ತೊಡೆಗೆ ಆತು ಕೂತು, ಅವನ ತಟ್ಟೆಯಿಂದ ಒಂದು ಚೂರು ಮುರಿದು ಸಾರಿಗೆ ಅದ್ದಿದಳು.

"ಮುಟ್ಟಬ್ಯಾಡ ಅದನ್ನ!"

ಅವನ ಕೈ ಅವನಿಗಿಂತ ಮೊದಲು ಎದ್ದಿತ್ತು. ತಟ್ಟೆ ಗೋಡೆಗೆ ಬಡಿದು ಸಾರು ನೆಲಕ್ಕೆಲ್ಲ ಚೆಲ್ಲಿತು. ಮಗು ಹೆದರಿ ಅಮ್ಮನ ಸೆರಗು ಹಿಡಿಯಿತು. ಸೊಣ್ಣಮ್ಮ ನೆಲ ಒರೆಸಲು ಬಟ್ಟೆ ತಂದಳು. ಒರೆಸಲಿಲ್ಲ, ಬಟ್ಟೆ ಹಿಡಿದು ಹಾಗೇ ನಿಂತಳು.

"ಮುನಿತಾಯಮ್ಮನ ಮೊಮ್ಮಕ್ಕಳು ಪಂಪ್ ಬಿಡದ ದಿನ ಇದನ್ನೇ ಕಾಸ್ಕಂಡು ಕುಡಿಯೋದು," ಎಂದಳು. "ಗೊತ್ತಾ?"

ಗೊತ್ತಿತ್ತು ಅವನಿಗೆ. ಗೊತ್ತಿಲ್ಲದವನಂತೆ ಇರುವುದಕ್ಕೇ ಅವನು ಚಪ್ಪಲಿ ಮೆಟ್ಟಿಕೊಂಡು ಬೇಗ ಕೆಲಸಕ್ಕೆ ಹೋಗುತ್ತಿದ್ದದ್ದು. ತನ್ನ ಬಾಯಿಯ ರುಚಿಯೇ ಅವನಿಗೆ ಹೇಸಿಗೆಯಾಯಿತು. ಬೂದಿಯಿಂದ ಹಲ್ಲುಜ್ಜಿದ, ಬೇವಿನ ಎಲೆ ಅಗಿದ. ಆ ರುಚಿ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಗೇಟು ತೆಗೆದು, ಎರಡೂ ರೆಕ್ಕೆಗಳನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಕೇರಿಯ ಕಡೆ ನಡೆದ. ಕೊಡ ಹೊತ್ತು ತೋಟದ ದಾರಿ ಹಿಡಿದಿದ್ದ ಹೆಂಗಸರನ್ನು ತಡೆದ.

"ಒಳಗೆ ಬನ್ನಿ. ಕೊಳವೆ ಬಾವಿ ತೊಟ್ಟಿ ತುಂಬ ನೀರೈತೆ."

"ನಿನ್ ಮಾತು ಹೆಂಗಪ್ಪ ನಂಬೋದು?" ಎಂದಳು ಮುನಿತಾಯಮ್ಮ.

"ನಂಬಬ್ಯಾಡಿ. ಬಿಂದಿಗೆ ತಗಂಬನ್ನಿ."

ಮೊದಲು ಹೊರಟವಳು ಸೊಣ್ಣಮ್ಮ. ಕಾವಲುಗಾರನ ಪೈಪಿಗೆ ಅವಳು ಕಾಯಲಿಲ್ಲ. ನೇರ ತೊಟ್ಟಿಯ ಹತ್ತಿರ ಹೋಗಿ, ಬಿಂದಿಗೆಯನ್ನು ಮುಳುಗಿಸಿ ತುಂಬಿದಳು. ಆಮೇಲೆ ಉಳಿದವರು. ಕಾವಲುಗಾರ ಕೂಗಾಡಿ ಸೋತು, ಧಣಿಯ ಮನೆಗೆ ಓಡಿದ.

ಗೋಪಾಲಪ್ಪ ಮೋಟಾರ್ ಬೈಕಿನಲ್ಲಿ ಬಂದಾಗ ಮುನಿತಾಯಮ್ಮ ತೊಟ್ಟಿಯೊಳಗೆ ಮೊಣಕೈವರೆಗೆ ಕೈಯಿಟ್ಟಿದ್ದಳು.

"ಥೂ! ಥೂ! ಯಾವೋನ್ಲಾ ಗೇಟ್ ತೆಗ್ದೋನು?"

"ನಾನೇ ಧಣಿ."

"ಆಫೀಸಿನೋರೆಲ್ಲ ಕುಡಿಯೋ ನೀರಲ್ಲೋ ಅದು! ಕೈ ಅದ್ದವ್ರೆ!"

"ಅದೇ ತೊಟ್ಟಿ ನೀರಾಗೆ ತೊಗಲು ನೆನೆಸೋದು. ಆ ತೊಗಲಿಗೆ ದಿನಾ ಕೈ ಹಾಕೋರು ನಾವೇ ಅಲ್ವಾ?"

"ಅದು ಬೇರೆ."

"ಹೆಂಗ್ ಬೇರೆ ಧಣಿ?"

ಗೋಪಾಲಪ್ಪ, "ಬೀಗದ ಕೈ ಇಡು," ಎಂದ. ಲಕ್ಷ್ಮಯ್ಯ ಚಾಚಿದ ಕೈಯನ್ನು ನೋಡಿ, "ನೆಲಕ್ಕಿಡೋ," ಎಂದ. ನೆಲದ ಮೇಲಿಟ್ಟದ್ದನ್ನು ಪಂಚೆಯ ತುದಿಯಿಂದ ಎತ್ತಿಕೊಂಡ. ಆಮೇಲೆ ಊರಿನಿಂದ ಆಳು ಕರೆಸಿ ತೊಟ್ಟಿಯ ನೀರನ್ನೆಲ್ಲ ಹೊರಗೆ ಚೆಲ್ಲಿಸಿ, ಗಂಜಲ ಎರಚಿಸಿ ತೊಳೆಸಿದ. ಚೆಲ್ಲಿದ ನೀರು ಹಿಂದಿನ ಹಳ್ಳಕ್ಕೆ ಹರಿಯಿತು. ಪಿಳ್ಳಪ್ಪ ಗುಂಡಿಯಿಂದ ಮೇಲೆ ಬಂದು ಅದನ್ನು ನೋಡುತ್ತ ನಿಂತಿದ್ದ. ತೊಳೆಯುವುದು ಮುಗಿಯುವ ಮೊದಲೇ ಅವನು ಅಂಗಿ ಹಾಕಿಕೊಂಡು ಮನೆಗೆ ಹೋದ. ಅವನ ಹಿಂದೆ ಉಳಿದವರೂ ಹೋದರು.

ನೆನೆಹಾಕಿದ ತೊಗಲು ಯಾರಿಗೂ ಕಾಯುವುದಿಲ್ಲ. ಬಿಸಿಲಿಗೆ ಗುಂಡಿಗಳು ಗುಳ್ಳೆಯೆದ್ದವು. ಊರಿನಿಂದ ಕೂಲಿಗೆ ಕರೆದ ಆಳುಗಳು ಗೇಟಿನವರೆಗೆ ಬಂದು, ಮೂಗು ಮುಚ್ಚಿ ತಿರುಗಿ ಹೋದರು. ಸತ್ತ ದನದ ತೊಗಲನ್ನು ತಾವು ಮುಟ್ಟುವುದಿಲ್ಲ ಎಂದರು. ನೊಣಗಳು ಮೋಡದಂತೆ ಕವಿದವು. ಗಾಳಿ ತಿರುಗಿದಾಗ ನಾತ ಊರೊಳಕ್ಕೆ ನುಗ್ಗಿತು. ಗೋಪಾಲಪ್ಪನ ಹೆಂಡತಿ ಅಮ್ಮಯಮ್ಮ ಅಡುಗೆ ಮಾಡಲಾರದೆ ತಮ್ಮನ ಮನೆಗೆ ಹೊರಟುಹೋದಳು. ಇಟಲಿಗೆಂದು ನೆನೆಹಾಕಿದ್ದ ತೊಗಲು ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಹರಿಯುತ್ತಿತ್ತು.

ವಾರ ಕಳೆಯುವುದರೊಳಗೆ ಕಾಂಪೌಂಡಿನ ಗೋಡೆ ಕೊರೆದು, ಕೊಳವೆ ಬಾವಿಯ ನೀರು ಕೇರಿಗೆ ಸಿಗುವಂತೆ ಕಬ್ಬಿಣದ ಪೈಪೊಂದನ್ನು ಹೊರಗೆ ಬಿಟ್ಟರು. ಅದನ್ನು ಹಾಕಿಸಿದ್ದು ಕೇರಿಯವರ ಮೇಲಿನ ಕರುಣೆಯಿಂದಲ್ಲ ಎನ್ನುವುದನ್ನು ಗೋಪಾಲಪ್ಪ ಮುಚ್ಚಿಡಲಿಲ್ಲ. "ಕುಡ್ದು ಸಾಯ್ರಿ, ಗುಂಡಿಗೆ ಮಾತ್ರ ಇಳೀರಿ," ಎಂದ. ಜನ ಇಳಿದರು. ಇಳಿಯದೆ ಒಲೆ ಹತ್ತುವಂತಿರಲಿಲ್ಲ. ಪೀಪಾಯಿಗಳು ಮತ್ತೆ ತಿರುಗಿದವು, ಹಳ್ಳ ಮತ್ತೆ ತುಂಬಿತು. ಹೊಸ ಯಂತ್ರಗಳೂ ಬಂದವು. ಅಧಿಕಾರಿ ಬಂದ ದಿನವೇ ಪರವಾನಗಿ ಸಿಕ್ಕಿತ್ತು. ಲಕ್ಷ್ಮಯ್ಯನನ್ನು ಮಾತ್ರ ಒಳಗೆ ಸೇರಿಸಲಿಲ್ಲ. ಅವನು ನೆಲಮಂಗಲದ ದವಸದ ಮಂಡಿಯಲ್ಲಿ ಮೂಟೆ ಹೊರಲು ಸೇರಿಕೊಂಡ.

ಸೊಣ್ಣಮ್ಮನಿಗೆ ಜ್ವರ ಬಂದ ಒಂದು ಮುಂಜಾನೆ ನೀರಿಗೆ ಅವನೇ ಬಂದ. ಪೈಪಿನ ಮುಂದೆ ಬಿಂದಿಗೆಗಳು ಸಾಲಾಗಿದ್ದವು. ಗಂಡಸು ಅವನೊಬ್ಬನೇ. ಯಾರೂ ಏನಪ್ಪಾ ಅನ್ನಲಿಲ್ಲ, ಯಾರೂ ಹೋಗು ಅನ್ನಲೂ ಇಲ್ಲ. ಅವನು ತನ್ನ ಬಿಂದಿಗೆಯನ್ನು ಸಾಲಿನ ಕೊನೆಗೆ ಇಟ್ಟು, ಪಕ್ಕಕ್ಕೆ ನಿಂತ. ಮುಂದೆ ಯಾರದೋ ಕೊಡ ತುಂಬಿ ಮೇಲೆದ್ದಿತು. ಅವನ ಮುಂದೆ ನಿಂತಿದ್ದ ಮುನಿತಾಯಮ್ಮ ತಿರುಗಿ ನೋಡದೆ, ತನ್ನ ಬಿಂದಿಗೆಯನ್ನು ಕಾಲಿನಿಂದ ಒಂದಿಷ್ಟು ಮುಂದಕ್ಕೆ ಸರಿಸಿದಳು. ಲಕ್ಷ್ಮಯ್ಯನೂ ಬಗ್ಗಿ ತನ್ನದನ್ನು ಅಷ್ಟೇ ಮುಂದಕ್ಕೆ ಸರಿಸಿದ.