ಕವಲಿನಲ್ಲಿ ಮುಗ್ಗರಿಸುವ ಗಾಡಿ

ಗಾಡಿ ಇಳಿಜಾರಿನಲ್ಲಿ ಗಡಗಡನೆ ಓಡಿತು, ತಿರುವು ದಾಟಿತು, ಕವಲಿಗೆ ಬಂದದ್ದೇ ತಡ ಮುಗ್ಗರಿಸಿ ಮಗುಚಿಕೊಂಡಿತು. ಅದರಲ್ಲಿದ್ದ ಕಲ್ಲಿನ ಚೂರುಗಳು ಜಗಲಿಯ ತುಂಬ ಚೆಲ್ಲಾಪಿಲ್ಲಿಯಾದವು. ನೋಡುತ್ತ ನಿಂತಿದ್ದ ದ್ಯಾವಮ್ಮ ಬಗ್ಗಿ ಅವನ್ನು ಆಯತೊಡಗಿದಳು. ಹೊತ್ತು ನೆತ್ತಿಗೇರುವುದರೊಳಗೆ ಕೋಟೆಯ ಕೆಲಸ ನೋಡಿಕೊಳ್ಳುವ ದಾರೋಗ ಸಾಹೇಬರು ಇದನ್ನು ನೋಡಲು ಬರುವವರಿದ್ದರು.

ಗಾಡಿ ಎಂದರೆ ಅಂಗೈಯಗಲದ ಗಾಡಿ. ಅವಳ ಗಂಡ ಚೌಡಯ್ಯ ಹಿರೋಡೆಯ ಬಡಗಿ. ಉದ್ದನೆಯ ಹಲಗೆಯ ಮೇಲೆ ಎರಡು ಸಣ್ಣ ಪಟ್ಟಿ ಹೊಡೆದು, ಅವುಗಳ ಮೇಲೆ ಉರುಳುವ ಹಾಗೆ ಈ ಗಾಡಿಯನ್ನು ಮಾಡಿದ್ದ. ಚಕ್ರಗಳ ಒಳಬದಿಗೆ ಒಂದೊಂದು ಅಂಚು ಎದ್ದಿತ್ತು, ಗಾಡಿ ಪಟ್ಟಿ ಬಿಟ್ಟು ಅತ್ತಿತ್ತ ಸರಿಯುವಂತಿರಲಿಲ್ಲ. ಹಲಗೆಯ ಕೊನೆಯಲ್ಲಿ ದಾರಿ ಎರಡಾಗಿ ಒಡೆಯುತ್ತಿತ್ತು, ಒಂದು ಪಟ್ಟಣದ ಕೋಟೆಗೆ, ಇನ್ನೊಂದು ಹೊಳೆಯ ಕಟ್ಟೆಗೆ. ಆ ಕವಲಿನಲ್ಲಿ ನಾಲಿಗೆಯಂಥ ಎರಡು ಮರದ ತುಂಡುಗಳಿದ್ದವು. ಅವನ್ನು ಬೆರಳಿನಿಂದ ಅತ್ತ ತಳ್ಳಿದರೆ ಗಾಡಿ ಕೋಟೆಗೆ, ಇತ್ತ ತಳ್ಳಿದರೆ ಕಟ್ಟೆಗೆ. ಒಂದು ನಾಲಿಗೆ ಪಟ್ಟಿಗೆ ಅಂಟಿ ನಿಂತರೆ ಇನ್ನೊಂದು ದೂರ ಸರಿದು ಚಕ್ರದ ಅಂಚಿಗೆ ಸಂದು ಬಿಡುತ್ತಿತ್ತು.

ಮಕ್ಕಳಿಲ್ಲದ ಮನೆಯಲ್ಲಿ ಬಡಗಿ ಆಟದ ಸಾಮಾನು ಮಾಡುತ್ತಿದ್ದಾನೆ ಎಂದು ಕಿಸಕ್ಕನೆ ನಕ್ಕವರು ಊರಲ್ಲಿ ಬೇಕಾದಷ್ಟಿದ್ದರು. ನಗಲಿ ಬಿಡಿ, ಅವರ ಹೆಗಲೇನೂ ಸವೆಯುತ್ತಿರಲಿಲ್ಲ. ಕುಂತಿಬೆಟ್ಟದಿಂದ ಅಡ್ಡೆಮರಕ್ಕೆ ಕಲ್ಲು ಕಟ್ಟಿ ಹೊತ್ತು ತರುವ ಬಿಟ್ಟಿ ಆಳುಗಳಲ್ಲಿ ಒಬ್ಬನೂ ನಕ್ಕಿರಲಿಲ್ಲ. ಕಳೆದ ವಾರ ಮಳೆಗೆ ಜಾರಿ ಒಬ್ಬನ ಮೊಣಕಾಲು ಕಲ್ಲಿನಡಿ ಪುಡಿಯಾಗಿತ್ತು. ಅವನ ಪಕ್ಕದಲ್ಲೇ ಅಡ್ಡೆ ಹೊತ್ತಿದ್ದವನು ದ್ಯಾವಮ್ಮನ ತಮ್ಮ ಹೊನ್ನಪ್ಪ. ಕಮ್ಮಾರನಾದ ಅವನನ್ನು ಉಳಿ ಹದ ಮಾಡಲೆಂದು ಬೆಟ್ಟಕ್ಕೆ ಕರೆದುಕೊಂಡು ಹೋದವರು, ಆಳು ಸಾಲದಾದಾಗ ಅವನ ಹೆಗಲಿಗೂ ಮರ ಏರಿಸಿದ್ದರು. ಈ ಗಾಡಿ ಓಡಿದರೆ ಬೆಟ್ಟದಿಂದ ಇಂಥದೇ ದೊಡ್ಡ ದಾರಿ ಹಾಕಿಸುತ್ತೇನೆ ಎಂದು ದಾರೋಗರು ಮಾತು ಕೊಟ್ಟಿದ್ದರು. ಓಡದಿದ್ದರೆ ಹೊನ್ನಪ್ಪನ ಹೆಗಲೇ ಗತಿ.

ಅಚ್ಚರಿಯೆಂದರೆ, ಮೊನ್ನೆ ಮಾಡಿ ಮುಗಿಸಿದಾಗ ಅದು ನೀರು ಹರಿದ ಹಾಗೆ ಓಡಿತ್ತು. ದ್ಯಾವಮ್ಮ ಹಿಗ್ಗಿ ಹೀರೇಕಾಯಿಯಾಗಿ ಹಲಗೆಗೆ ಅರಿಶಿನ ಕುಂಕುಮವಿಟ್ಟು ಪೂಜೆ ಮಾಡಿದ್ದಳು. ಮಾರನೆಯ ಬೆಳಗಿನಿಂದ ಈ ಮುಗ್ಗರಿಸುವ ಕಾಯಿಲೆ.

"ಚಕ್ರ ದಪ್ಪಾಯ್ತು ಅಂತ ಹೆರ್‍ದೆ. ಪಟ್ಟಿ ವಾಲಿರಬೋದು ಅಂತ ಎಬ್ಸಿ ಹೊಡ್ದೆ. ಇನ್ನೇನ್ ಮಾಡ್ಲಮ್ಮಿ?" ಎಂದ ಚೌಡಯ್ಯ. ಅವನ ಗಡ್ಡದಲ್ಲೆಲ್ಲ ಮರದ ಹೊಟ್ಟು.

"ತಾಯಿ ಮುನಿಸ್ಕೊಂಡವ್ಳೆ, ಅಷ್ಟೇಯ. ತಡೀರಿ," ಎಂದು ದ್ಯಾವಮ್ಮ ಒಳಗೆ ಓಡಿ ಅರಿಶಿನ ಕುಂಕುಮದ ಬಟ್ಟಲು ತಂದಳು. ಗಾಡಿ ಮುಗ್ಗರಿಸಿದಾಗಲೆಲ್ಲ ಅವಳು ಮಾಡುತ್ತ ಬಂದದ್ದು ಇದನ್ನೇ. ಗಂಡ ಮರ ಹೆರೆಯುವುದು, ಹೆಂಡತಿ ಕವಲಿನ ನಾಲಿಗೆಗೆ ಬೊಟ್ಟಿಡುವುದು. ಅಕ್ಕಿಹಿಟ್ಟಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ. ನಿನ್ನೆಯದರ ಮೇಲೆ ಇವತ್ತಿನದು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಬಲು ನಿಷ್ಠೆಯಿಂದ ಮಾಡುತ್ತಿದ್ದರು, ಗಾಡಿಯೂ ಅಷ್ಟೇ ನಿಷ್ಠೆಯಿಂದ ಮಗುಚುತ್ತಿತ್ತು.

ಅಷ್ಟರಲ್ಲಿ ಬೀದಿಯಲ್ಲಿ ಕುದುರೆಯ ಸದ್ದಾಯಿತು. ದಾರೋಗರು ಬಂದೇಬಿಟ್ಟರು. ಹಿಂದೆಯೇ ಬೆಟ್ಟದಿಂದ ಇಳಿದು ಬರುತ್ತಿದ್ದ ಆಳುಗಳು ಅವರನ್ನು ಕಂಡು ಬೇಲಿಯ ಬಳಿ ಕಲ್ಲು ಇಳಿಸಿ ನಿಂತರು. ಅವರ ನಡುವೆ ತಮ್ಮನನ್ನು ಹುಡುಕಿದ ದ್ಯಾವಮ್ಮನಿಗೆ ಮೊದಲು ಗುರುತೇ ಸಿಗಲಿಲ್ಲ. ಅವನು ಒಂದು ಪಕ್ಕಕ್ಕೆ ವಾಲಿ ನಿಂತಿದ್ದ.

"ಓಡ್ಸು ಚೌಡಯ್ಯ," ಎಂದರು ದಾರೋಗರು.

ಓಡಿಸಿದ. ಕವಲಿಗೆ ಬಂತು, ಮಗುಚಿತು. ದಾರೋಗರು ಮೀಸೆ ತಿರುವಿದರು. "ಗಾಡಿಗೆ ಯಾರ್ದೋ ಕೆಟ್ಟ ನಜರ್ ತಾಕೈತೇನಯ್ಯ? ನಂಗೆ ಕೋಟೇಲಿ ಕೆಲ್ಸ ಐತೆ."

"ಒಂದ್ ಗಳ್ಗೆ ತಡ್ಕೊಳ್ಳಿ ಬುದ್ದಿ," ಎಂದ ಚೌಡಯ್ಯ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅದು ಎಲ್ಲೋ ಮುಟ್ಬಾರದ ತಾವ ಮುಟ್ತಾ ಐತೆ. ಎಲ್ಲಿ ಅಂತ ಕಂಡ್ರೆ ಸಾಕು. ನಿನ್ ಕಾಡಿಗೆ ತತ್ತಾ," ಎಂದ.

ದ್ಯಾವಮ್ಮ ಕಾಡಿಗೆಯ ಕರಡಿಗೆ ತಂದು ಕೊಟ್ಟಳು. ಅವನು ನಾಲ್ಕೂ ಚಕ್ರದ ಅಂಚಿಗೆ ಕಾಡಿಗೆ ಬಳಿದು ಗಾಡಿಯನ್ನು ಮೆಲ್ಲಗೆ ಬಿಟ್ಟ. ಮತ್ತೆ ಅದೇ ಮುಗ್ಗರಿಕೆ. ಗಂಡ ಹೆಂಡಿರಿಬ್ಬರೂ ತಲೆಗೆ ತಲೆ ತಾಗುವಂತೆ ಕವಲಿನ ಮೇಲೆ ಬಗ್ಗಿದರು. ಪಟ್ಟಿಯ ಒಳಮೈಯಲ್ಲಿ ನೆಟ್ಟಗಿನ ಕಪ್ಪು ಗೆರೆ, ಅದು ಇರಬೇಕಾದದ್ದೇ. ಎದುರಿಗೆ, ಚಕ್ರಕ್ಕೆ ಜಾಗ ಬಿಟ್ಟು ದೂರ ನಿಂತಿರಬೇಕಾದ ನಾಲಿಗೆಯ ಮೇಲೂ ಒಂದು ಕಪ್ಪು ಗೀರು. ಮರದ ಮೇಲಲ್ಲ, ಬೊಟ್ಟಿನ ಮೇಲೆ. ಒಣಗಿ ಕಲ್ಲಾಗಿ ಉಬ್ಬಿದ್ದ ಹಳದಿಯ ನಡುವೆ ಕಾಡಿಗೆ ಎದ್ದು ಕಾಣುತ್ತಿತ್ತು. ಚಕ್ರದ ಅಂಚು ನುಸುಳಬೇಕಾದ ಸಂದನ್ನು ಅವಳ ಭಕ್ತಿ ಮುಚ್ಚಿಹಾಕಿತ್ತು.

ಚೌಡಯ್ಯನ ಮುಖ ಅರಳಿತು. ಸಿಕ್ಕಿತಲ್ಲ! ಸಣ್ಣ ಉಳಿ ಎತ್ತಿಕೊಂಡ. ಎತ್ತಿದ ಕೈ ಅಲ್ಲೇ ನಿಂತಿತು.

"ಕುಂಕ್ಮಕ್ಕೆ ಉಳಿ ಆಕಾಕೆ ನನ್ ಕೈಲಾಗಾಕಿಲ್ಲ ಕಣಮ್ಮಿ," ಎಂದ ಮೆಲ್ಲಗೆ.

ದ್ಯಾವಮ್ಮ ಆ ಬೊಟ್ಟನ್ನೇ ನೋಡಿದಳು. ಇಟ್ಟ ಬೊಟ್ಟನ್ನು ಮುತ್ತೈದೆ ತನ್ನ ಕೈಯಾರೆ ಅಳಿಸುವುದುಂಟೇ? ಒಂದೊಂದು ಬೊಟ್ಟನ್ನೂ ತಮ್ಮನ ಹೆಸರು ಹೇಳಿ ಇಟ್ಟಿದ್ದಳು. ಅಳಿಸಿದರೆ ಅವನಿಗೆ ಕೇಡಾದೀತು, ಇಲ್ಲವೇ ಎದುರಿಗೆ ಕೂತ ಗಂಡನಿಗೆ. ಬೇಲಿಯ ಕಡೆ ನೋಡಿದಳು. ಹೊನ್ನಪ್ಪ ಮತ್ತೆ ಅಡ್ಡೆಗೆ ಹೆಗಲು ಕೊಡಲು ಬಗ್ಗುತ್ತಿದ್ದ. ಅವಳಿಗೆ ಇದ್ದಕ್ಕಿದ್ದಂತೆ ದೇವಿಯ ಮೇಲೇ ಸಿಟ್ಟು ಬಂತು. ಮಗನಂಥವನ ಹೆಗಲಿಗಿಂತ ನಿನಗೆ ಈ ಹಿಟ್ಟಿನ ಉಂಡೆ ಹೆಚ್ಚೇನೇ ಎಂದು ಮನಸ್ಸಿನಲ್ಲೇ ಜಗಳ ತೆಗೆದಳು.

ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ, ದಾರೋಗರು ನೋಡುತ್ತಿದ್ದಾರೆ ಎಂಬ ನಾಚಿಕೆಯನ್ನೂ ಮರೆತು, ಉಗುರಿನಿಂದ ಕೆರೆದು ಕೆರೆದು ಬೊಟ್ಟನ್ನು ಪೂರ್ತಿ ಒರೆಸಿದಳು. ಮರದ ಬಿಳುಪು ಕಂಡಿತು.

"ಈಗ ಬುಡಿ," ಎಂದಳು ಗಂಡನಿಗೆ.

ಗಾಡಿ ಹೊರಟಿತು. ಗಡಗಡ ಇಳಿಯಿತು, ತಿರುವು ದಾಟಿತು. ದ್ಯಾವಮ್ಮ ಕಣ್ಣು ಮುಚ್ಚಲಿಲ್ಲ. ಕವಲು ಬಂತು. ಗಾಡಿ ಒಂದಿಷ್ಟೂ ಅಳುಕದೆ ಎಡಕ್ಕೆ ಹೊರಳಿ, ಕಲ್ಲಿನ ಚೂರು ಒಂದೂ ಉದುರದಂತೆ ಕೋಟೆಯ ತುದಿ ಮುಟ್ಟಿತು. ಚೌಡಯ್ಯ ನಾಲಿಗೆಗಳನ್ನು ಇತ್ತ ತಳ್ಳಿ ಮತ್ತೆ ಬಿಟ್ಟ. ಬಲಕ್ಕೆ, ಕಟ್ಟೆಯ ತುದಿಗೆ. ಬೇಲಿಯ ಬಳಿ ಗುಲ್ಲೋ ಗುಲ್ಲು. ದಾರೋಗರೇ ಕುದುರೆಯಿಂದ ಇಳಿದು ಬಂದು ಜಗಲಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ನಾಲಿಗೆಯನ್ನು ತಾವೇ ಅತ್ತಿತ್ತ ತಳ್ಳಿ, ಸಾಕೆನಿಸುವ ತನಕ ಓಡಿಸಿದರು.

"ಶಾಬಾಶ್. ನಾಳೆಯಿಂದ ಈ ಆಳುಗಳೆಲ್ಲ ನಿನ್ನ ಕೈಕೆಳಗೆ. ಮರ ಕಡಿಸು, ದಾರಿ ಹಾಕು. ಚಕ್ರದ ಕಬ್ಬಿಣದ ಕೆಲ್ಸಕ್ಕೆ ಯಾರವ್ರೆ?"

"ಅವ್ನೇ ಬುದ್ದಿ, ಅಲ್ಲಿ ನಿಂತವ್ನಲ್ಲ," ಎಂದು ಚೌಡಯ್ಯ ಬಾಮೈದನ ಕಡೆ ಕೈ ತೋರಿಸಿದ.

ಹೊನ್ನಪ್ಪ ಅಂಗಳಕ್ಕೆ ಬಂದ. ಹೆಗಲಿಗೆ ಸುತ್ತಿದ್ದ ಬಟ್ಟೆಯ ಸಿಂಬಿಯನ್ನು ಅವನು ಮೆಲ್ಲಗೆ ಎಳೆದ. ಗಾಯಕ್ಕೆ ಅಂಟಿಕೊಂಡಿದ್ದ ಅದು ಬಿಡಿಸಿಕೊಂಡು ಬರುವಾಗ ಹಲ್ಲು ಕಚ್ಚಿದ. ಆಮೇಲೆ ಅದನ್ನು ಅಕ್ಕನ ಕೈಗಿಟ್ಟ.

"ಒಗ್ದು ಒಣಗಾಕ್ತೀನಿ," ಎಂದಳು ದ್ಯಾವಮ್ಮ, ಕಣ್ಣೊರೆಸಿಕೊಳ್ಳುತ್ತ.

"ಒಗೀಬ್ಯಾಡ ಕಣಕ್ಕ," ಎಂದ ಹೊನ್ನಪ್ಪ. "ಒಲೆಗಾಕು."

ಅವಳು ಹಾಕಿದಳು. ಅವತ್ತಿನ ಮುದ್ದೆ ಬೆಂದದ್ದು ಆ ಬೆಂಕಿಯಲ್ಲೇ.