ಸೊನ್ನೆ ತೋರಿಸಬೇಕಿದ್ದ ಮುಳ್ಳು

ಆಹಾರ ತಪಾಸಣೆಯ ಸಾಹೇಬರು ಶುದ್ಧಹಸ್ತರು. ಇಪ್ಪತ್ತೆರಡು ವರ್ಷದಲ್ಲಿ ಯಾವ ಹೋಟೆಲಿನವರಿಂದಲೂ ಅವರಿಗೆ ಒಂದು ಲೋಟ ಪುಕ್ಕಟೆ ಚಹಾ ಕುಡಿಸಲು ಆಗಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವರು ಹೇಳುತ್ತಿದ್ದ ಮೊದಲ ಪಾಠ: ದಿನಾ ಬೆಳಿಗ್ಗೆ ಥರ್ಮಾಮೀಟರನ್ನು ಐಸ್ ನೀರಿನಲ್ಲಿ ಅದ್ದಬೇಕು, ಮುಳ್ಳು ಸೊನ್ನೆಗೆ ಬಂದರೆ ಮಾತ್ರ ಚೀಲಕ್ಕೆ ಹಾಕಬೇಕು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಗುರುವಾರ ಬೆಳಿಗ್ಗೆ ಮುಳ್ಳು ನಾಲ್ಕರಲ್ಲಿ ನಿಂತಿತು. ಐಸ್ ಬದಲಾಯಿಸಿದರು. ಮತ್ತೆ ನಾಲ್ಕು. ಸಾಹೇಬರಿಗೆ ಸೋಮವಾರ ನೆನಪಾಯಿತು. ಅವತ್ತು ಹೊತ್ತಾಯಿತೆಂದು ಅದ್ದದೇ ಹೊರಟಿದ್ದರು. ಆಮೇಲೆ ಎರಡು ದಿನ ಬರೀ ಕಚೇರಿ ಕೆಲಸ, ಥರ್ಮಾಮೀಟರ್ ಚೀಲದಲ್ಲೇ ಇತ್ತು.

ಆ ಸೋಮವಾರವೇ ಅತ್ತೆ-ಸೊಸೆ ನಡೆಸುವ ಸಣ್ಣ ಹೋಟೆಲಿನ ಫ್ರಿಜ್ಜಿನಲ್ಲಿ ಮುಳ್ಳು ಒಂಬತ್ತು ತೋರಿಸಿತ್ತು. ಐದು ದಾಟುವಂತಿಲ್ಲ. ಒಂಬತ್ತರಲ್ಲಿ ನಾಲ್ಕು ಕಳೆದರೆ ಎಷ್ಟೆಂದು ಒಂದನೇ ತರಗತಿಯ ಮಗುವೂ ಹೇಳೀತು. ಸಾಹೇಬರು ಮಾತ್ರ ಅಡುಗೆಯನ್ನೆಲ್ಲ ಚೆಲ್ಲಿಸಿ, ಹೋಟೆಲ್ ಮುಚ್ಚಿಸಿ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದ್ದರು. "ಫ್ರಿಜ್ ಬಾಗಿಲು ತೆರೆದಿಟ್ಟಿದ್ದು ಯಾರು?" ಎಂದು ಗದರಿದಾಗ ಮುದುಕಿ, "ನಾನೇ ಇರಬೇಕು ಸಾರ್" ಎಂದಿದ್ದಳು. ಅದನ್ನೂ ವರದಿಯಲ್ಲಿ ಬರೆದು ಅವಳ ಸಹಿ ಹಾಕಿಸಿಕೊಂಡಿದ್ದರು.

ನಾಚಿಕೆಯಿಂದ ಅವರ ಕಿವಿ ಬಿಸಿಯಾಯಿತು. ಆದರೂ ಬುದ್ಧಿ ಅಡ್ಡದಾರಿಯನ್ನೇ ಹುಡುಕಿತು. ಹೊಸ ಥರ್ಮಾಮೀಟರ್ ಒಯ್ದು, ಮತ್ತೆ ಅಳೆದು, ಚೀಟಿ ಕಿತ್ತುಬಿಟ್ಟರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇಪ್ಪತ್ತೆರಡು ವರ್ಷದ ಹೆಸರೂ ಉಳಿಯುತ್ತದೆ.

ಹಾಗೇ ಮಾಡಿದರು. ಮುಳ್ಳು ಐದಕ್ಕೆ ನಿಂತಿತು.

"ಈಗ ಸರಿಯಾಗಿದೆಯಮ್ಮ" ಎಂದರು.

ಸೊಸೆ ಕೈಮುಗಿದಳು. "ಅತ್ತೇನ ಅಡುಗೆಮನೆಗೇ ಬಿಡ್ತಿಲ್ಲ ಸಾರ್. ಮೂರು ದಿನದಿಂದ ಮಾತೂ ಬಿಟ್ಟಿದೀನಿ. ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ ಅವರು!"

ಮುದುಕಿ ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ತೊಳೆದ ಚಮಚಗಳನ್ನೇ ಮತ್ತೆ ಒರೆಸುತ್ತಿದ್ದಳು. ಸಾಹೇಬರನ್ನು ಕಂಡು ಎದ್ದು ನಿಂತಳು.

"ಸಾರ್, ನಾನಿನ್ನು ಒಳಗೆ ಬರಬಹುದಾ?"

ಇಪ್ಪತ್ತೆರಡು ವರ್ಷದಲ್ಲಿ ಯಾರ ಪ್ರಶ್ನೆಗೂ ಅವರು ಹೀಗೆ ಕುಗ್ಗಿರಲಿಲ್ಲ. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ತಪ್ಪು ನಿಮ್ಮದಲ್ಲಮ್ಮ" ಎಂದರು. "ನನ್ನ ಥರ್ಮಾಮೀಟರ್ ಕೆಟ್ಟಿತ್ತು. ನೋಡ್ಕೊಳ್ಳದೇ ಬಂದಿದ್ದೆ. ನಿಮ್ಮ ಫ್ರಿಜ್ ಅವತ್ತೂ ಸರಿಯಾಗೇ ಇತ್ತು. ಹಾಗಂತ ಬರೆದುಕೊಡ್ತೀನಿ."

ಸೊಸೆಯ ಮುಖ ಬಿಳಿಚಿಕೊಂಡಿತು. ಬೈಯುತ್ತಾಳೆಂದು ಸಾಹೇಬರು ಕಾದರು, ಬೈದರೆ ಸಾಕೆಂದು ಬೇಡಿಕೊಂಡರು. ಅವಳು ಅತ್ತೆಯ ಕಡೆಗೇ ನೋಡುತ್ತಿದ್ದಳು.

"ಬಾಗಿಲು ಹಾಕಿದ್ದು ನನಗೆ ಚೆನ್ನಾಗಿ ನೆನಪಿತ್ತು ಸಾರ್" ಎಂದಳು ಮುದುಕಿ. "ಆದ್ರೆ ಮಿಷನ್ನು ಸುಳ್ಳು ಹೇಳುತ್ತಾ? ನನಗೇ ಅರಳುಮರಳು ಹಿಡೀತು ಅಂದ್ಕೊಂಡೆ."

ಅವಳು ಒಳಗೆ ಹೋಗಿ ಫ್ರಿಜ್ ತೆರೆದು ಮುಚ್ಚಿದಳು. ಹಿಡಿಯನ್ನು ಎರಡು ಸಲ ಎಳೆದು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಹಾಕಿದೀನಿ ಅನ್ಸುತ್ತೆ. ನೀನೂ ಒಂದ್ಸಲ ನೋಡಮ್ಮ."