ಟವೆಲ್ ಹೊತ್ತು ನಿಂತ ವಾಕರ್

ಕ್ಷೌರದಂಗಡಿ ಇಟ್ಟವರ ಮನೆಯಲ್ಲಿ ಮುಗಿಯದ ತಾಪತ್ರಯ ಅಂದರೆ ಒದ್ದೆ ಟವೆಲ್. ಹಿತ್ತಿಲ ಹಗ್ಗ ತುಂಬಿ, ಕಿಟಕಿಯ ಸರಳು ತುಂಬಿದರೂ ಬುಟ್ಟಿ ಖಾಲಿಯಾಗುವುದಿಲ್ಲ. ಬೀದಿಯವರೆಲ್ಲ ಸಲೂನಣ್ಣ ಎಂದು ಕರೆಯುವ ಒಬ್ಬ ಅಂಗಡಿಯವನು ಮಾತ್ರ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಅವನ ಅಮ್ಮ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡಾಗ, ಹಿಡಿದು ನಡೆಯಲೆಂದು ಆರೋಗ್ಯ ಕೇಂದ್ರದವರು ನಾಲ್ಕು ಕಾಲಿನ ವಾಕರ್ ಕೊಟ್ಟಿದ್ದರು. ಅಮ್ಮ ಈಗ ಯಾರ ಆಸರೆಯೂ ಇಲ್ಲದೆ ಬೀದಿಯೆಲ್ಲ ಸುತ್ತಿ ಬರುತ್ತಾಳೆ. ವಾಕರ್ ಹಿತ್ತಿಲಲ್ಲಿ ಟವೆಲ್ ಹೊತ್ತು ನಿಂತಿದೆ.

ಅಮ್ಮನ ಬಿಪಿ ನೋಡಲು ಬಂದ ಅದೇ ಕೇಂದ್ರದ ನರ್ಸಮ್ಮ ಕೈ ತೊಳೆಯಲು ಹಿತ್ತಿಲಿಗೆ ಹೋದವರು ಅಲ್ಲೇ ನಿಂತರು.

"ಏನಣ್ಣ, ಇದಕ್ಕೂ ಕ್ಷೌರ ಮಾಡ್ತೀರಾ? ಮೈತುಂಬ ಬಟ್ಟೆ ಸುತ್ತಿ ಕೂರಿಸಿದ್ದೀರಲ್ಲ!"

"ಸುಮ್ಮನೆ ಬಿದ್ದಿತ್ತು ನರ್ಸಮ್ಮ. ಪುಕ್ಕಟೆ ಬಂದದ್ದು ತಾನೆ?"

"ಎದುರುಮನೆ ಟೈಲರಕ್ಕನಿಗೆ ಒಂದು ಬೇಕಿತ್ತು. ಕೇಂದ್ರದಲ್ಲಿ ಒಂದೂ ಉಳಿದಿಲ್ಲ."

ಟೈಲರಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡದ್ದು ಸಲೂನಣ್ಣನಿಗೂ ಗೊತ್ತಿತ್ತು. "ಸರ್ಕಾರಕ್ಕೇನು ಬಡತನವಾ? ಹೊಸದು ತರಿಸಿ ಬಿಡಿ."

"ಕೇಳಿದ್ದೀವಿ, ಯಾವಾಗ ಬರುತ್ತೋ. ಅವರ ಮಗಳು ಕೆಲಸದಿಂದ ಬರೋದೇ ಸಂಜೆ. ಒಬ್ಬರೇ ಬಚ್ಚಲಿಗೆ ಹೋಗೋಕಾಗಲ್ಲ ಅಂತ ಅಕ್ಕ ಬೆಳಗಿಂದ ನೀರೇ ಮುಟ್ಟಲ್ಲ."

ಸಲೂನಣ್ಣ ವಾಕರಿನ ಮೇಲಿದ್ದ ಒಂದು ಟವೆಲ್ ಎತ್ತಿ, ಮತ್ತೆ ಅಲ್ಲೇ ಹಾಕಿದ. ತಲೆಯೊಳಗೆ ಒಂದು ಪ್ರಶ್ನೆಯ ಹುಳ ಹೊಕ್ಕಾಗಿತ್ತು.

"ಒಂದು ಮಾತು ಕೇಳ್ತೀನಿ. ಪುಕ್ಕಟೆ ಪುಕ್ಕಟೆ ಅಂತೀವಿ. ಇದನ್ನ ಮಾಡಿದ ಕಾರ್ಖಾನೆಯವನು ಪುಕ್ಕಟೆ ಕೊಟ್ಟಿರಲ್ಲ. ಹಾಗಾದ್ರೆ ದುಡ್ಡು ಕೊಟ್ಟೋರು ಯಾರು?"

"ನೀವೇ."

"ನಾನಾ? ಯಾವಾಗ?"

"ಬ್ಲೇಡು ಕೊಂಡಾಗ. ಶೇವಿಂಗ್ ಕ್ರೀಮು ಕೊಂಡಾಗ. ಬೆಲೆಯೊಳಗೇ ತೆರಿಗೆ ಸೇರಿಸಿರ್ತಾರೆ."

ಅಮ್ಮ ಬಾಗಿಲಲ್ಲಿ ಇಣುಕಿದಳು. "ನನ್ನ ನಶ್ಯದಲ್ಲೂ ಇದೆಯೇನೇ ತಾಯಿ?"

"ಅದರಲ್ಲಿ ಇಲ್ಲದೆ ಇರುತ್ತಾ ಅಜ್ಜಿ!"

"ಕೇಳಿಸ್ಕೊಂಡ್ಯೇನೋ? ಸರ್ಕಾರಾನ ಸಾಕ್ತಿರೋದು ನನ್ನ ಮೂಗು!"

ಸಲೂನಣ್ಣ ನಗಲಿಲ್ಲ. ಅವನಿಗೊಂದು ಎಳೆ ಸಿಕ್ಕಿತ್ತು. "ಹಾಗಿದ್ರೆ ಇದು ನಮ್ಮ ದುಡ್ಡೇ ಆಯ್ತಲ್ಲ. ನಾವೇ ಇಟ್ಕೊಂಡ್ರೆ ತಪ್ಪೇನು?"

"ಟೈಲರಕ್ಕ ದಾರ ಕೊಳ್ಳಲ್ವಾ? ಗುಂಡಿ ಕೊಳ್ಳಲ್ವಾ? ಅವರ ಪಾಲೂ ಇದರಲ್ಲಿದೆ. ಎಲ್ಲರೂ ಹಾಕಿದ್ದು, ಯಾರಿಗೆ ಕಷ್ಟ ಬಂತೋ ಅವರ ಕೈಗೆ ಹೋಗಬೇಕು. ನೀವು ಇದನ್ನ ಟವೆಲಿಗೆ ಇಟ್ಕೊಂಡ್ರೆ ನಾವು ಮತ್ತೊಂದು ಕೊಳ್ಳಬೇಕು. ಆ ದುಡ್ಡಿಗೆ ಬರಬೇಕಾದ ಔಷಧಿ ಅಷ್ಟು ಕಮ್ಮಿಯಾಗುತ್ತೆ. ವಾಸಿಯಾದ ಮೇಲೆ ವಾಪಸ್ ಕೊಡಿ ಅಂತ ಕೊಡುವಾಗಲೇ ಹೇಳಿದ್ದೆ, ಅಲ್ವಾ?"

ಅಮ್ಮ ಸೆರಗಿನ ಅಂಚು ತಿರುವತೊಡಗಿದಳು. "ಅವನನ್ನ ಬೈಬೇಡ ಕಣೇ. ಕೊಡಬೇಡ ಅಂದೋಳು ನಾನೇ. ವಾಪಸ್ ಕೊಟ್ರೆ, ಮುದುಕಿ ಗಟ್ಟಿಮುಟ್ಟಾಗಿದ್ದಾಳೆ ಅಂತ ನನ್ನ ಪಿಂಚಣಿ ನಿಲ್ಲಿಸಿಬಿಟ್ರೆ?"

ಸಲೂನಣ್ಣ ಅಮ್ಮನ ಕಡೆ ನೋಡಿದ. ಈ ಭಯ ಅವಳೊಳಗೆ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ.

"ಅಯ್ಯೋ ಅಜ್ಜಿ, ನಿಮಗೆ ಪಿಂಚಣಿ ಬರ್ತಿರೋದು ವಯಸ್ಸಿಗೆ, ಮೊಣಕಾಲಿಗಲ್ಲ! ಅನುಮಾನ ಬಂದಾಗ ನನ್ನನ್ನೇ ಕೇಳೋದು ತಾನೆ?"

"ಹಾಗಾದ್ರೆ ಏನೋ ನೋಡ್ತಾ ನಿಂತೆ? ತೆಗಿಯೋ ಟವೆಲು!"

ಟವೆಲುಗಳು ಸಲೂನಣ್ಣನ ಹೆಗಲೇರಿದವು. ಆರೋಗ್ಯ ಕೇಂದ್ರದಲ್ಲಿ ವಾಕರ್ ತೊಳೆದು, ಕಾಲುಗಳ ತುದಿಯ ಸವೆದ ರಬ್ಬರು ಬದಲಾಯಿಸಿ, ಟೈಲರಕ್ಕನ ಹೆಸರಿಗೆ ಬರೆದುಕೊಂಡರು. ಅದನ್ನು ಎದುರುಮನೆಗೆ ಹೊತ್ತು ತಂದವನೂ ಸಲೂನಣ್ಣನೇ.

ಟೈಲರಕ್ಕ ಮಂಚದ ತುದಿಗೆ ಸರಿದು, ಹಿಡಿಕೆ ಹಿಡಿದು, ಹಲ್ಲು ಕಚ್ಚಿ ಎದ್ದಳು. ನರ್ಸಮ್ಮ ತೋರಿಸಿದಂತೆ ಮುರಿದ ಕಾಲು ಊರದೆ, ವಾಕರನ್ನು ಮುಂದಿಟ್ಟು ಇನ್ನೊಂದು ಕಾಲನ್ನು ಎತ್ತಿಟ್ಟಳು. ಬಚ್ಚಲಿನವರೆಗೆ ಹೋದಳು, ತಾನೇ ತಿರುಗಿ ಬಂದಳು. ಕೂತು ಉಸಿರು ಬಿಟ್ಟವಳ ಬಾಯಿಂದ ಬಂದದ್ದು ಒಂದೇ ಮಾತು.

"ಅಣ್ಣ, ಕುಡಿಯೋಕೆ ನೀರು ಕೊಡ್ತೀಯಾ?"

ಗಟಗಟ ಕುಡಿದು ಲೋಟ ಮತ್ತೆ ಮುಂದೆ ಚಾಚಿದಳು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಟ್ಟ, ಹಿತ್ತಿಲು, ಮಂಚದ ಕೆಳಗೆ ಒಮ್ಮೆ ನೋಡಿ. ಬಳಸಿ ವಾಪಸ್ ಕೊಡಿ ಎಂದು ಕೊಟ್ಟ ವಾಕರ್, ಊರುಗೋಲು, ಗಾಲಿಕುರ್ಚಿ ಅಲ್ಲಿ ಇದೆಯೇ? ಕಷ್ಟ ಬಂದಾಗ ನಾಚದೆ ಕೇಳಿ ಪಡೆಯಿರಿ, ಅದರಲ್ಲಿ ನಿಮ್ಮ ಪಾಲಿದೆ. ಕೆಲಸ ಮುಗಿದಿದ್ದರೆ ಇವತ್ತೇ ಮರಳಿಸಿ. ನಿಮ್ಮ ಬೀದಿಯಲ್ಲೇ ಯಾರೋ ನೀರು ಕುಡಿಯದೆ ಕಾಯುತ್ತಿರಬಹುದು.